ಎರಡಿಂಚು ತಂತಿ

ಫೆಬ್ರವರಿ 12, ಬುಧವಾರ

ಈ ವರ್ಷದ ಡೈರಿಯಲ್ಲಿ ಇದು ಮೊದಲ ಬರಹ. ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಇವತ್ತು ನಡೆದಿದೆ. ನಾನು ಒಂಬತ್ತು ವರ್ಷದಿಂದ ಹೇಳುತ್ತ ಬಂದದ್ದು ಕಡೆಗೂ ನಿಜವಾಯಿತು, ಕೇಳಿಸಿಕೊಳ್ಳುವ ವ್ಯವಧಾನ ಮಾತ್ರ ಇಂದಿರೆಗಿಲ್ಲ. ಮೂವತ್ತೆಂಟು ವರ್ಷ ನಿಮ್ಮ ಪಾಠ ಕೇಳಿದ್ದು ಸಾಕು ಎಂದು ಎದ್ದು ಹೋದಳು. ಹೆಂಡತಿ ಕೇಳದಿದ್ದರೆ ಡೈರಿ ಕೇಳಲಿ.

ಬೆಳಿಗ್ಗೆ ಶ್ರೀಕರ ಬಂದಿದ್ದ. ನನ್ನ ತಂಗಿಯ ಮಗ. ಶ್ರೀರಂಗಪಟ್ಟಣದಲ್ಲಿ ಅವರಪ್ಪ ದೇವಸ್ಥಾನದ ಸೇವೆಯಲ್ಲೇ ಸವೆದರು. ಇವನು ಹಿನ್ನೀರಿನ ದಡದಲ್ಲಿ, ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನ ಕಡೆ, ರೆಸಾರ್ಟು ಮಾಡಿಕೊಂಡಿದ್ದಾನೆ. ಎರಡು ವರ್ಷದ ಹಿಂದೆ ಕೊಚ್ಚಿಯಿಂದ ಲಾರಿಯ ಮೇಲೆ ಒಂದು ಹಳೆಯ ಹಾಯಿದೋಣಿ ತರಿಸಿದ. ಮೂವತ್ತು ವರ್ಷದ ಮುದಿ ದೋಣಿ. ಹೊಟ್ಟೆಯೊಳಗೆ ಮಂಚ, ಫ್ಯಾನು, ಪುಟ್ಟ ಫ್ರಿಜ್ಜು. ಅದರ ಹಾಯಿ ಏರಿದ್ದನ್ನು ಯಾರೂ ಕಂಡಿಲ್ಲ. ದಡದ ಹಲಗೆಕಟ್ಟೆಗೆ ಎಮ್ಮೆಯಂತೆ ಕಟ್ಟಿಹಾಕಿ, ದಡದಿಂದ ಕೇಬಲ್ ಎಳೆದು ಕರೆಂಟು ಕೊಟ್ಟು, ಒಳಗೆ ಅತಿಥಿಗಳನ್ನು ಮಲಗಿಸುತ್ತಾನೆ. ಹೆಸರು ‘ರಂಗನಾಯಕಿ’. ಅಲ್ಲಿ ಮೀನು ಹಿಡಿಯುವವರು ಅದನ್ನು ಕಂಬದ ತೆಪ್ಪ ಎನ್ನುತ್ತಾರಂತೆ.

ಹೋದ ಶನಿವಾರ ಬೆಳ್ಳಂಬೆಳಿಗ್ಗೆ ಕುಳ್ಳಯ್ಯ ಎಂಬವನ ಬಲೆ ಆ ದೋಣಿಯ ಸರಪಳಿಗೆ ಸಿಕ್ಕಿಕೊಂಡಿತು. ಸೊಂಟದುದ್ದ ನೀರಿನಲ್ಲಿ ನಿಂತು ಬಿಡಿಸಲು ಹೋದವನು ಆಸರೆಗೆ ದೋಣಿಯ ಕಬ್ಬಿಣದ ಏಣಿ ಹಿಡಿದ. ಹಿಡಿದವನು ಬಿಡಲಿಲ್ಲ. ಒಳಗಿದ್ದ ಅತಿಥಿ ಟೀಗೆ ನೀರು ಕಾಯಿಸುತ್ತಿದ್ದ, ಅವನಿಗೆ ಏನೂ ಗೊತ್ತಾಗಲಿಲ್ಲ.

ಪೊಲೀಸು, ಮಹಜರು ಎಲ್ಲ ಆಗಿದೆ. ವಿದ್ಯುತ್ ಪರಿವೀಕ್ಷಕರು ಬಂದು ಕರೆಂಟು ತೆಗೆಸಿದ್ದಾರೆ. ಪರ್ಮಿಟ್ಟು ಇರುವವರೊಬ್ಬರಿಂದ ಇಡೀ ವೈರಿಂಗ್ ಪರೀಕ್ಷೆ ಮಾಡಿಸಿ, ಹೊಸದಾಗಿ ಹಾಕಿಸಿ, ತಪ್ಪು ಎಲ್ಲಿತ್ತು ಎಂದು ತಿಂಗಳ ಕೊನೆಯೊಳಗೆ ವರದಿ ಕೊಡಬೇಕಂತೆ. ನಾನು ಖಾಸಗಿ ಐಟಿಐ ಒಂದರಲ್ಲಿ ಇಪ್ಪತ್ತೇಳು ವರ್ಷ ಎಲೆಕ್ಟ್ರಿಷಿಯನ್ ಪಾಠ ಹೇಳಿದವನು. ಐಟಿಐ ಮುಚ್ಚಿಹೋಯಿತು, ನನ್ನ ಸೂಪರ್‌ವೈಸರ್ ಪರ್ಮಿಟ್ಟು ಇನ್ನೂ ಬದುಕಿದೆ.

“ನೀವು ಬರೆದದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಪ್ರಶ್ನೆ ಮಾಡಲ್ಲ ಮಾವ. ವೈರಿಂಗ್ ಮಾಡಿದವನ ತಪ್ಪು ಅಂತ ಆದರೆ ನಾನು ಉಳ್ಕೋತೀನಿ” ಎಂದ ಶ್ರೀಕರ.

ಮಾಡಿದವನು ಯಾರು ಎಂದೆ. ಪಾಂಡವಪುರದ ಶಂಕರ್ ಎಂದ.

ನನ್ನ ಶಿಷ್ಯ. ತೊಂಬತ್ತೊಂಬತ್ತರ ಬ್ಯಾಚು. ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಲು ಬಂದು, ಮೈಕು ಕಿತ್ತುಕೊಂಡು, “ಮೇಷ್ಟ್ರು ಪಾಸ್ ಮಾಡ್ಸುದ್ರು, ಕೆಲ್ಸ ನಮ್ಗೆ ಲೈಟ್ ಕಂಬ ಕಲುಸ್ತು” ಎಂದವನು ಇವನೇ. ಇಡೀ ಸಭೆ ನಕ್ಕಿತು. ನಾನೂ ಹಲ್ಲು ಕಿರಿದೆ. ಆ ನಗು ಇನ್ನೂ ಗಂಟಲಿನಲ್ಲಿದೆ. ಇಂಥವನ ಕೈಯಲ್ಲಿ ಒಂದು ಜೀವ ಹೋಗುತ್ತದೆ ಎಂದು ಅವತ್ತೇ ಇಂದಿರೆಗೆ ಹೇಳಿದ್ದೆ. ಕಂಬ ಕಲಿಸಿದ ವಿದ್ಯೆ ನೋಡೋಣ. ವರದಿ ಬರೆಯಲು ಒಪ್ಪಿದೆ.

ಫೆಬ್ರವರಿ 13, ಗುರುವಾರ

ದಡದಿಂದ ದೋಣಿಗೆ ಒಂದೂವರೆ ಅಡಿ ಅಗಲದ ಹಲಗೆ. ಕೂತುಕೊಂಡು ತೆವಳುತ್ತ ದಾಟಿದೆ. ನನಗೆ ಈಜು ಬರುವುದಿಲ್ಲ. ಚಿಕ್ಕಂದಿನಿಂದ ನೀರು ಕಂಡರೆ ಆಗದು. ಅರವತ್ತೇಳನೆಯ ವಯಸ್ಸಿನಲ್ಲಿ ಈ ಸರ್ಕಸ್ಸು.

ಒಳಗೆ ಮೂರು ಕಾಲದ ತಂತಿಗಳಿವೆ. ಒಂದು ದೋಣಿ ಹುಟ್ಟಿದಾಗಿನದು: ಒಳ್ಳೆಯ ಮಾಲು, ತುದಿಗಳು ಕಪ್ಪಾಗಿವೆ. ಇನ್ನೊಂದು ನಡುವೆ ಯಾರೋ ಎಳೆದದ್ದು. ಮೂರನೆಯದು ನಮ್ಮ ಮಹಾಶಯನದು: ಮನೆಗೋಡೆಗೆ ಹಾಕುವ ಬಿರುಸು ತಂತಿ. ಸದಾ ಅಲ್ಲಾಡುವ ದೋಣಿಗೆ ಬಿರುಸು ತಂತಿ! ನನ್ನ ಕ್ಲಾಸಿನಲ್ಲಿ ಹೀಗೆ ಮಾಡಿದ್ದರೆ ಮಂಡಿ ಊರಿ ನಿಲ್ಲಿಸುತ್ತಿದ್ದೆ.

ದಡದ ಕೇಬಲ್ಲಿನ ಕಥೆ ಇನ್ನೂ ಚೆನ್ನ. ಸಂಕ್ರಾಂತಿ ಕಳೆದ ಮೇಲೆ ನೀರು ಇಳಿಯುತ್ತ ಬಂದಿದೆ, ನೀರಿನ ಹಿಂದೆಯೇ ದೋಣಿಯನ್ನೂ ಒಳಕ್ಕೆ ಸರಿಸುತ್ತ ಹೋಗಿದ್ದಾರೆ. ಕೇಬಲ್ಲು ಮಾತ್ರ ಇದ್ದಷ್ಟೇ ಉದ್ದ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಿಗಿದು ನಿಂತಿದೆ. ಮೀಟರು ಹಿಡಿದು ನೋಡಿದೆ. ಕರೆಂಟು ತರುವ ಫೇಸು ಸರಿ ಇದೆ. ಅದನ್ನು ಮರಳಿ ಒಯ್ಯುವ ನ್ಯೂಟ್ರಲ್ ಸತ್ತಿದೆ, ಜಾಯಿಂಟಿನಲ್ಲಿ ಕಿತ್ತು ಬಂದಿದೆ.

ಬಸ್ಸಿನಲ್ಲಿ ಬರುವಾಗ ಹಳೆಯದೆಲ್ಲ ನೆನಪಾಯಿತು. ಈ ಶಂಕರನ ಬ್ಯಾಚನ್ನೇ ಒಮ್ಮೆ ಬಿಂಡಿಗನವಿಲೆಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ರೈತನ ಪಂಪ್‌ಸೆಟ್ಟು ಮುಟ್ಟಿದವರಿಗೆಲ್ಲ ಹೊಡೆಯುತ್ತಿತ್ತು. ಒಣ ನೆಲ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ಗುಂಡಿಯಲ್ಲಿ ತೇವವೇ ಇಲ್ಲ. ಮೂರು ಜನ ವೈರ್‌ಮನ್ನುಗಳು ಬಂದು ಕೈಚೆಲ್ಲಿ ಹೋಗಿದ್ದರು. ನಾನು ಸ್ಟಾರ್ಟರ್ ಡಬ್ಬಿ ಬಿಚ್ಚಿ, ಒಳಗೆ ಒಂದು ತುಂಡು ತಂತಿ ಹಾಕಿ ಮುಚ್ಚಿದೆ. ಐದೇ ನಿಮಿಷ. ಹುಡುಗರೆಲ್ಲ ಬಾಯಿಬಿಟ್ಟುಕೊಂಡು ನೋಡಿದರು. ಆ ರೈತ ನನ್ನ ಚೀಲಕ್ಕೆ ಹುರುಳಿ ತುಂಬಿ ಕಳಿಸಿದ. ಆಗ ಮೇಷ್ಟ್ರು ಎಂದರೆ ಒಂದು ಮರ್ಯಾದೆ ಇತ್ತು.

ಫೆಬ್ರವರಿ 15, ಶನಿವಾರ

ಒಂದು ಲೆಕ್ಕ ತಾಳೆಯಾಗುತ್ತಿಲ್ಲ. ದೋಣಿಯನ್ನು ಕಡೆಯ ಸಲ ಸರಿಸಿದ್ದು ಜನವರಿ 28ಕ್ಕೆ. ಮಾರನೆಯ ದಿನದಿಂದ ಅತಿಥಿಗಳ ಪುಸ್ತಕದಲ್ಲಿ ದೂರು: ಫ್ಯಾನು ನಿಧಾನ, ದೀಪ ಮಂಕು. ಎಂದರೆ ನ್ಯೂಟ್ರಲ್ ಕಿತ್ತದ್ದು ಅವತ್ತೇ. ನ್ಯೂಟ್ರಲ್ ಕಿತ್ತ ಮೇಲೆ ದೀಪ ಆರಬೇಕು, ಮಂಕಾಗುವುದು ಹೇಗೆ? ಹತ್ತು ದಿನ ಕರೆಂಟು ಯಾವ ದಾರಿಯಲ್ಲಿ ಮರಳುತ್ತಿತ್ತು?

ಹೊರಗೆ ಬಂದಾಗ ದಡದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಬೋರಲು ಹಾಕಿದ ತೆಪ್ಪ. ಕುಳ್ಳಯ್ಯನ ಹೆಂಡತಿ ಮಾದಮ್ಮ.

“ಸಾಮಿ, ನೀರ್ನಾಗಿರೋ ಕರೆಂಟ್ ತಗದ್ರಾ?”

“ನೀರಿನಲ್ಲಿ ಕರೆಂಟು ನಿಂತುಕೊಳ್ಳುವುದಿಲ್ಲಮ್ಮ.”

“ನಿಂತಿತ್ತಲ್ಲ, ನಮ್ಮನೆಯವ್ರು ಇಡ್ದಾಗ.”

ಎಂಟು ದಿನದಿಂದ ಅವರ ಊರಿನ ಒಬ್ಬರೂ ತೆಪ್ಪ ಇಳಿಸಿಲ್ಲವಂತೆ. ಇಡೀ ಹಿನ್ನೀರಿಗೇ ಕರೆಂಟು ಸೇರಿಕೊಂಡಿದೆ ಎಂಬ ಮಾತು ಹಬ್ಬಿದೆ. ಗಂಡನ ಬಲೆ ಇನ್ನೂ ದೋಣಿಯ ಸರಪಳಿಯಲ್ಲೇ ಸಿಕ್ಕಿಕೊಂಡಿದೆ, ತೆಗೆಯಲು ಯಾರಿಗೂ ಧೈರ್ಯವಿಲ್ಲ. “ಯಾರ್ ಮಾಡಿದ್ ಕೆಲ್ಸ ಸಾಮಿ ಇದು?” ಎಂದು ಕೇಳಿದಳು. ಇನ್ನು ನಾಲ್ಕು ದಿನದಲ್ಲಿ ಹೇಳುತ್ತೇನೆ ಎಂದೆ. ಗೊತ್ತೇ ಇದೆ, ಆದರೂ ಪರೀಕ್ಷೆ ಮುಗಿಯದೆ ಹೇಳಬಾರದು. ಅದು ನನ್ನ ಶಿಸ್ತು.

ಫೆಬ್ರವರಿ 17, ಸೋಮವಾರ

ಸಿಕ್ಕಿತು!

ಸ್ವಿಚ್ ಬೋರ್ಡಿನ ಹಿಂದಿನ ಹಲಗೆ ಬಿಚ್ಚಿದೆ. ನ್ಯೂಟ್ರಲ್ ಪಟ್ಟಿಗೂ ಅರ್ತ್ ಪಟ್ಟಿಗೂ ನಡುವೆ ಎರಡಿಂಚು ಉದ್ದದ ಒಂದು ತಂತಿ. ಎರಡನ್ನೂ ಒಂದೇ ಮಾಡಿ ಕೂತಿದೆ.

ವರದಿಗೆ ಬೇಕಾಗುತ್ತದೆ, ಬಿಡಿಸಿ ಬರೆದಿಡುತ್ತೇನೆ. ಕರೆಂಟು ಫೇಸಿನಲ್ಲಿ ಬಂದು, ಕೆಲಸ ಮುಗಿಸಿ, ನ್ಯೂಟ್ರಲಿನಲ್ಲಿ ಮರಳುತ್ತದೆ. ಅರ್ತು ಇರುವುದು ಆಪತ್ತಿಗೆ. ದಿನನಿತ್ಯ ಅದರ ಮೇಲೆ ಏನೂ ಹರಿಯಬಾರದು. ಈ ದೋಣಿ ಕಟ್ಟಿದವರು ಅರ್ತ್ ತಂತಿಯನ್ನು ಮೊದಲೇ ಏಣಿಗೆ, ಸರಪಳಿಗೆ, ಅಡಿಯಲ್ಲಿರುವ ಕಬ್ಬಿಣದ ಭಾರಕ್ಕೆ ಸೇರಿಸಿದ್ದಾರೆ. ಎಲ್ಲವೂ ನೀರಿನೊಳಗೆ. ದಡದ ಕೇಬಲ್ಲಿನಲ್ಲಿ ನ್ಯೂಟ್ರಲ್ ಕಿತ್ತುಹೋಯಿತು. ಮರಳುವ ದಾರಿ ಕಾಣದ ಕರೆಂಟು ಈ ಎರಡಿಂಚು ತಂತಿ ದಾಟಿ ಏಣಿಗೆ ಬಂತು, ಕಬ್ಬಿಣಕ್ಕೆ ಬಂತು, ನೀರಿಗಿಳಿದು ನೆಲ ಸೇರಿತು. ಆದ್ದರಿಂದಲೇ ಫ್ಯಾನು ತಿರುಗಿತು, ದೀಪ ಮಂಕಾಗಿಯಾದರೂ ಉರಿಯಿತು, ಯಾರಿಗೂ ಗೊತ್ತಾಗಲಿಲ್ಲ. ದೀಪ ಎಳೆಯುವುದು ಚಿಟಿಕೆಯಷ್ಟು. ಕೆಟಲ್ ಎಳೆಯುವುದು ಬೊಗಸೆ ಬೊಗಸೆ. ಕೆಟಲ್ ಹಾಕಿದ ಹೊತ್ತಿಗೇ ಏಣಿ ಹಿಡಿದವರು ಆ ಶನಿವಾರದವರೆಗೆ ಯಾರೂ ಇರಲಿಲ್ಲ.

ಎರಡಿಂಚು ತಂತಿ. ಅಯೋಗ್ಯ! ಯಾವ ಗುರು ಕಲಿಸಿದ ಇವನಿಗೆ ಇದನ್ನು? ಇಂಥವನು ನನ್ನ ಶಿಷ್ಯ ಎಂದು ಪಾಂಡವಪುರದಲ್ಲಿ ಬೋರ್ಡು ಹಾಕಿಕೊಂಡಿದ್ದಾನಲ್ಲ, ನನ್ನ ಹೆಸರಿಗೇ ಮಸಿ. ಲೈಸೆನ್ಸು ಹೋಗಬೇಕು, ಜೈಲಿಗೂ ಹೋಗಲಿ.

ಫೆಬ್ರವರಿ 18, ಮಂಗಳವಾರ

ವರದಿಯ ಕರಡು ಶ್ರೀಕರನಿಗೆ ಓದಿ ಹೇಳಿದೆ. ಮುಖ ಅರಳಿತು. ಒಂದು ಪ್ರಶ್ನೆ ಉಳಿದಿತ್ತು, ಕೇಳಿದೆ. ದಡದ ಕಂಬದ ಡಬ್ಬಿಯಲ್ಲಿ, ಕರೆಂಟು ಚೂರು ಸೋರಿದರೂ ತಾನಾಗಿ ಬೀಳುವ ಬ್ರೇಕರು ಒಂದಿದೆ. ಆದರೆ ತಂತಿಗಳನ್ನು ಅದಕ್ಕೆ ಹಾಯಿಸದೆ ಸುತ್ತುಬಳಸಿ ಕೊಟ್ಟಿದ್ದಾರೆ. ಅದು ಇದ್ದಿದ್ದರೆ ಕುಳ್ಳಯ್ಯ ಮನೆಗೆ ಹೋಗುತ್ತಿದ್ದ.

“ಅದು ದಿನಕ್ಕೆ ಹತ್ತು ಸಲ ಬೀಳ್ತಿತ್ತು ಮಾವ. ಗೆಸ್ಟುಗಳು ಬೈತಿದ್ರು. ನಾನೇ ವಾಚ್‌ಮನ್ ಕೈಲಿ ತೆಗೆಸಿದೆ. ಅದೊಂದು ಬರೀಬೇಡಿ.”

ಬೀಳದೆ ಏನು ಮಾಡುತ್ತದೆ? ಆ ಎರಡಿಂಚು ತಂತಿ ಇರುವಷ್ಟು ದಿನ ಅದು ಬೀಳಲೇಬೇಕು. ಬೊಗಳುವ ನಾಯಿಯ ಬಾಯಿ ಕಟ್ಟಿದರೆ ಕಳ್ಳ ಹೋಗುತ್ತಾನೆಯೇ?

ಬರೆಯಲಿಲ್ಲ. ತಂಗಿಯ ಮಗ. ಮೂಲ ತಪ್ಪು ಶಂಕರನದೇ ತಾನೆ. ನಾಡಿದ್ದು ಪಾಂಡವಪುರಕ್ಕೆ ಹೋಗಿ ಅವನ ಮುಖದ ಮೇಲೆ ಹೇಳಿಯೇ ಸಹಿ ಹಾಕುತ್ತೇನೆ.

ಫೆಬ್ರವರಿ 20, ಗುರುವಾರ

ಪಾಂಡವಪುರಕ್ಕೆ ಹೋಗಿದ್ದೆ. ಬಂದೆ.

ಫೆಬ್ರವರಿ 21, ಶುಕ್ರವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತೂ ಬರೆಯಬೇಕಾಗಿಲ್ಲ, ಯಾರು ಕೇಳುತ್ತಾರೆ? ಆದರೂ ಬರೆಯುತ್ತೇನೆ.

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಶಂಕರ ಒಳಗೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ. ಗಡ್ಡ ಬೆಳೆದಿದೆ. ನನ್ನನ್ನು ನೋಡಿ ದಡಕ್ಕನೆ ಎದ್ದು, ಹುಡುಗನಾಗಿದ್ದಾಗ ನಿಲ್ಲುತ್ತಿದ್ದ ಹಾಗೆಯೇ ಕೈಕಟ್ಟಿ ನಿಂತ. “ಬನ್ನಿ ಸಾ, ಕೂತ್ಕಳಿ.” ನಾನು ಕೂರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಕೊಲೆಗಡುಕ ಎಂದೂ ಅಂದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

ಎಲ್ಲ ಮುಗಿದ ಮೇಲೆ ಅವನು ಹೇಳಿದ: “ದೋಣಿಲಿ ಅರ್ತ್ ಎಲ್ಲ್ ಉಡುಕ್ಲಿ ಸಾ? ಅಲ್ಲಿ ನೆಲಾನೇ ಇಲ್ವಲ್ಲ.”

“ಅದಕ್ಕೆ ನ್ಯೂಟ್ರಲ್‌ಗೆ ಸೇರಿಸಿಬಿಟ್ಟೆಯಾ? ಯಾವನು ಹೇಳಿಕೊಟ್ಟ ನಿನಗೆ?”

ನನ್ನ ಮುಖವನ್ನೇ ನೋಡಿದ. ಆಮೇಲೆ ಒಳಗೆ ಹೋಗಿ ಒಂದು ಪುಸ್ತಕ ತಂದು ಟೇಬಲ್ಲಿನ ಮೇಲಿಟ್ಟ. ಅವನ ಐಟಿಐ ಪ್ರಾಕ್ಟಿಕಲ್ ರೆಕಾರ್ಡು. ಕಂದು ರಟ್ಟು, ಇಲಿ ಕಡಿದ ಅಂಚು. ನಲವತ್ತಮೂರನೆಯ ಪುಟ ತೆಗೆದ. ಬಿಂಡಿಗನವಿಲೆಯ ಪಂಪ್‌ಸೆಟ್ಟಿನ ಚಿತ್ರ, ಸ್ಟಾರ್ಟರ್ ಡಬ್ಬಿ, ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಹಸಿರು ಬಣ್ಣದಲ್ಲಿ ಒಂದು ಗೀಟು. ಕೆಳಗೆ ದುಂಡಗಿನ ಅಕ್ಷರದಲ್ಲಿ: ‘ಅರ್ತ್ ಸಿಗದ ಕಡೆ ನ್ಯೂಟ್ರಲ್ಲೇ ಅರ್ತು.’ ನಾನು ಉಕ್ತಲೇಖನ ಕೊಟ್ಟ ವಾಕ್ಯ. ಪಕ್ಕದಲ್ಲಿ ನನ್ನ ಕೆಂಪು ಇಂಕು. ‘ಬಹಳ ಚೆನ್ನಾಗಿದೆ. ಜ.ರಾ.’

ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

“ಪೊಲೀಸ್ನೋರ್ಗೆ ತೋರ್ಸಿಲ್ಲ ಸಾ. ವಕೀಲ್ರುಗೂ ಯೋಳಿಲ್ಲ. ಇದ್ನ ನೀವೇ ಇಟ್ಕಂಬುಡಿ” ಎಂದ. “ನಾನೊಬ್ನೇನಾ? ನಿಮ್ ಕೈಲಿ ಕಲ್ತೋರು ಪೇಟೆ, ಪಾಂಡವ್‌ಪುರ, ನಾಗಮಂಗ್ಲ, ಪಟ್ಣ, ಎಲ್ಲಾ ಕಡೆ ಅವ್ರೆ. ಎಲ್ಲಾರೂ ಇಂಗೇ ಮಾಡಾದು. ನೀರ್ ಬ್ಯಾರೆ, ನೆಲ ಬ್ಯಾರೆ ಅಂತ ನಂಗಾದ್ರೂ ಒಳೀಬೇಕಿತ್ತು. ಒಳೀನಿಲ್ಲ.”

ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿ ನನ್ನನ್ನು ಮುಗಿಸಿದ. “ಅವತ್ ಮೈಕಲ್ಲಿ ತಮಾಸೆಗಂದೆ ಸಾ. ಕಂಬ ನಂಗೇನೂ ಕಲುಸ್ಲಿಲ್ಲ. ನಂಗ್ ಬರಾದೆಲ್ಲ ನೀವ್ ಕಲ್ಸಿದ್ದೇಯ.”

ಒಂಬತ್ತು ವರ್ಷ ಈ ಮಾತಿಗಾಗಿಯೇ ಕಾದಿದ್ದೆ. ಸಿಕ್ಕಿತು.

ಫೆಬ್ರವರಿ 22, ಶನಿವಾರ

ದೋಣಿಗೆ ಹಾಕು ಎಂದು ನಾನು ಹೇಳಿದ್ದೆನೇ? ಪಂಪ್‌ಸೆಟ್ಟಿಗೆ ಹೇಳಿದ್ದು. ಇಪ್ಪತ್ತೈದು ವರ್ಷ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದವನಿಗೆ ನೆಲ ಯಾವುದು, ನೀರು ಯಾವುದು ಗೊತ್ತಾಗಬೇಡವೇ? ಬಿಂಡಿಗನವಿಲೆಯಲ್ಲಿ ಅದು ಕೆಲಸ ಮಾಡಿತು. ಯಾರೂ ಸಾಯಲಿಲ್ಲ.

ಸಾಯಲಿಲ್ಲ ಎಂದು ನನಗೆ ಗೊತ್ತೇ? ನಾನು ಮತ್ತೆ ಆ ಕಡೆ ಹೋಗಲೇ ಇಲ್ಲ.

ಇಂದಿರೆ ಕರಿಘಟ್ಟದ ಗುಡಿಗೆ ಹೊರಡಿಸಿದಳು, ಶನಿವಾರ. ಮೆಟ್ಟಿಲ ಮೇಲೆ ತಂಗಿ ಸಿಕ್ಕಳು. ಸಿಕ್ಕಳೋ, ಕಾದಿದ್ದಳೋ. ಕೈ ಹಿಡಿದುಕೊಂಡು, “ನನ್ನ ಮಗನ್ನ ನೀನೇ ಉಳಿಸಬೇಕು ಅಣ್ಣ” ಎಂದಳು. ದೇವರ ಮುಂದೆ ಹೂಂ ಎಂದೆ. ದೇವರೂ ಕೇಳಿಸಿಕೊಂಡಿರಬೇಕು.

ಮನೆಗೆ ಬಂದು ಬಚ್ಚಲ ಒಲೆಯ ಮುಂದೆ ಕೂತೆ, ಕೈಯಲ್ಲಿ ರೆಕಾರ್ಡು. ಒಂದೇ ಪುಟ ಹರಿದು ತುರುಕಿದರೆ ಮುಗಿಯಿತು. ಹಂಡೆಯ ನೀರೂ ಕಾಯುತ್ತದೆ. ಇಂದಿರೆ ಬಂದು ನೋಡಿದಳು, ಪುಟ ಓದಿದಳು, ಸೌದೆ ಮುಂದಕ್ಕೆ ತಳ್ಳಿದಳು. “ಕೆಂಪು ಇಂಕು ನಾನೇ ತಂದುಕೊಡ್ತಿದ್ದೆ, ನೆನಪಿದೆಯಾ?” ಎಂದಳು, ಅಷ್ಟೇ. ಸುಡಲಿಲ್ಲ. ಧೈರ್ಯ ಬಂತೆಂದಲ್ಲ. ಅವಳು ನೋಡುತ್ತಿದ್ದಳು.

ಫೆಬ್ರವರಿ 24, ಸೋಮವಾರ

ಕೆಲಸಕ್ಕೆ ಕೈ ಹಾಕಿದೆ. ಸುಮ್ಮನೆ ಕೂತರೆ ತಲೆ ಕೆಡುತ್ತದೆ. ಹಳೆಯ ತಂತಿಗಳನ್ನೆಲ್ಲ ಕಿತ್ತೆ. ಬಾಗಿದರೂ ಮುರಿಯದ, ಎಳೆ ಎಳೆಯಾದ ತವರ ಲೇಪದ ತಂತಿ ತರಿಸಿದ್ದೇನೆ. ದೋಣಿಯ ಕರೆಂಟಿಗೂ ದಡದ ಕರೆಂಟಿಗೂ ನೇರ ಸಂಬಂಧವೇ ಇರಬಾರದು ಎಂದು ನಡುವೆ ಒಂದು ಟ್ರಾನ್ಸ್‌ಫಾರ್ಮರು. ಹೊಸ ಸೋರಿಕೆ ಬ್ರೇಕರು ಎರಡು ಕಡೆ. ಕೇಬಲ್ಲನ್ನು ತೇಲುವ ಡ್ರಮ್ಮುಗಳ ಮೇಲೆ ಸಡಿಲ ಬಿಟ್ಟಿದ್ದೇನೆ, ನೀರು ಏರಿದರೂ ಇಳಿದರೂ ಎಳೆತ ಬೀಳುವುದಿಲ್ಲ. ಆ ಎರಡಿಂಚು ತಂತಿ ಬೆಂಕಿಪೊಟ್ಟಣದಲ್ಲಿದೆ.

ದೋಣಿಯ ಮೂತಿಯ ಕಡೆ ಒಂದು ತಂತಿ ಎತ್ತ ಹೋಗುತ್ತದೆ ಎಂದು ತಿಳಿಯಲಿಲ್ಲ. ಅರ್ಧ ಗಂಟೆ ಬೆವರಿ, ಕಡೆಗೆ ಶಂಕರನಿಗೇ ಫೋನು ಮಾಡಿದೆ. “ಎಡಕ್ಕೊಂದ್ ಕಿಂಡಿ ಅದೆ ಸಾ, ಮೊಣಕೈ ಗಂಟ ಆಕಿ, ಸಿಕ್ತದೆ” ಎಂದ. ಸಿಕ್ಕಿತು. ಊಟ ಆಯಿತೇನೋ ಎಂದು ಕೇಳಿದೆ. ಆಗಿರಲಿಲ್ಲ.

ಬಿಂಡಿಗನವಿಲೆಯಲ್ಲಿ ಅವತ್ತು ಮಾಡಬೇಕಾದದ್ದು ಹೊಸ ಅರ್ತ್ ಗುಂಡಿ. ಎಂಟಡಿ ತೋಡಿ, ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದು. ಇಡೀ ಒಂದು ದಿನದ ಕೆಲಸ. ಸಂಜೆ ನಾಲ್ಕೂವರೆಯ ಬಸ್ಸು ತಪ್ಪುತ್ತಿತ್ತು. ಅದಕ್ಕೆ ತಂತಿ. ಬಸ್ಸಿಗಾಗಿ. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿಕೊಂಡಿರಲಿಲ್ಲ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಇಂದಿರೆ ಉಪವಾಸ. ನಾನೂ ತಿನ್ನಲಿಲ್ಲ, ಸೇರಲಿಲ್ಲ.

ವರದಿ ಹೊಸದಾಗಿ ಬರೆದೆ. ಮೂರು ಕಾರಣ. ಒಂದು, ನ್ಯೂಟ್ರಲ್ ಮತ್ತು ಅರ್ತ್ ನಡುವಿನ ತಂತಿ: ಹಾಕಿದವನು ಶಂಕರ್, ಹಾಗೆ ಹಾಕಬೇಕೆಂದು ಲಿಖಿತವಾಗಿ ಕಲಿಸಿದವನು ಜಯರಾಮಯ್ಯ, ನಿವೃತ್ತ ಬೋಧಕ. ಎರಡು, ಸೋರಿಕೆ ಬ್ರೇಕರನ್ನು ನಿಷ್ಕ್ರಿಯಗೊಳಿಸಿದ್ದು: ಮಾಲೀಕರ ಆದೇಶದಂತೆ. ಮೂರು, ಎಳೆತಕ್ಕೆ ಕಿತ್ತ ಕೇಬಲ್ಲು. ನನ್ನ ಹೆಸರನ್ನು ಕರ್ಮಣಿ ಪ್ರಯೋಗದಲ್ಲಿ ಬಚ್ಚಿಡಲು ಎರಡು ಸಲ ನೋಡಿದೆ. ಎರಡು ಸಲವೂ ಹೊಡೆದು ಹಾಕಿದೆ.

ಆಮೇಲೆ ಇಂದಿರೆಯ ಹತ್ತಿರ ಕೆಂಪು ಪೆನ್ನು ಕೇಳಿದೆ. ನಲವತ್ತಮೂರನೆಯ ಪುಟ ತೆಗೆದು, ‘ಬಹಳ ಚೆನ್ನಾಗಿದೆ’ ಎಂಬುದಕ್ಕೆ ಗೀಟು ಎಳೆದೆ. ಕೆಳಗೆ ಬರೆದೆ: ‘ತಪ್ಪು. ಜ.ರಾ. 26-2-2025.’ ರೆಕಾರ್ಡನ್ನು ವರದಿಯ ಜೊತೆ ಕಟ್ಟಿದೆ.

ಫೆಬ್ರವರಿ 28, ಶುಕ್ರವಾರ

ಶ್ರೀಕರನ ಕೈಗೆ ಒಂದು ಪ್ರತಿ ಕೊಟ್ಟು, ಇನ್ನೊಂದನ್ನು ನಾನೇ ಮಂಡ್ಯಕ್ಕೆ ಹೋಗಿ ಪರಿವೀಕ್ಷಕರಿಗೆ ಕೊಟ್ಟು ಬಂದೆ. ಶ್ರೀಕರ ಕೂಗಾಡಿದ. “ನಿಮ್ಮನ್ನು ಯಾರು ಕೇಳಿದ್ದರು ಮಾವ ನಿಮ್ಮ ಪುರಾಣ? ಸತ್ತವನು ಎದ್ದು ಬರ್ತಾನಾ?” ಬರುವುದಿಲ್ಲ. ಕೆಲಸ ಮುಗಿಸಿಕೊಟ್ಟು ಮತ್ತೆ ಮುಖ ತೋರಿಸಬೇಡಿ ಎಂದ. ತಂಗಿ ಫೋನು ಎತ್ತುತ್ತಿಲ್ಲ. ಪೊಲೀಸರು ನನ್ನ ಹೇಳಿಕೆ ಬರೆದುಕೊಂಡರು; ಮೊದಲು ಶ್ರೀಕರ, ಶಂಕರ ಇಬ್ಬರ ಮೇಲಿದ್ದ ದೂರು ಈಗ ಮೂವರ ಮೇಲೆ.

ಶಂಕರನಿಗೆ ಹೇಳಿದೆ. “ಯಾಕ್ ಸಾ ಇಂಗ್ ಮಾಡ್ಬುಟ್ರಿ?” ಎಂದ. ಸಿಟ್ಟಿನಿಂದಲೇ ಕೇಳಿದ.

ಮಾರ್ಚ್ 7, ಶುಕ್ರವಾರ

ಪರಿವೀಕ್ಷಕರು ಬೆಳಿಗ್ಗೆ ಬಂದು, ಎಲ್ಲ ಪರೀಕ್ಷೆ ಮಾಡಿ, ಕರೆಂಟು ಬಿಡಿಸಿ ಹೋದರು. ಮೀಟರಿನ ಒಂದು ಕಡ್ಡಿ ಏಣಿಗೆ, ಇನ್ನೊಂದು ನೀರಿಗೆ ಹಿಡಿದೆ. ಸೊನ್ನೆ. ಬ್ರೇಕರನ್ನು ಬೇಕೆಂದೇ ಬೀಳಿಸಿ ನೋಡಿದೆ. ಬಿತ್ತು.

ಮಾದಮ್ಮ ದಡದಲ್ಲಿ ನಿಂತಿದ್ದಳು. ಹಿಂದೆ ಅವರೂರಿನ ನಾಲ್ಕೈದು ಜನ, ತಲೆಯ ಮೇಲೆ ತೆಪ್ಪ ಹೊತ್ತುಕೊಂಡೇ.

“ಆಯ್ತಾ ಸಾಮಿ?”

“ಆಯಿತಮ್ಮ. ಇನ್ನು ಭಯವಿಲ್ಲ, ನೀರಿಗೆ ಇಳಿಯಬಹುದು.”

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಂಗಾರೆ ನೀವ್ ಮೊದ್ಲು ಇಳೀರಿ.”

ಶ್ರೀಕರ ಅಡ್ಡ ಬಂದ. “ಅವರಿಗೆ ವಯಸ್ಸಾಗಿದೆ, ಈಜು ಬರಲ್ಲ.”

“ನಮ್ಮನೆಯವ್ರು ಈಜು ಬರ್ದೆ ಸತ್ತೋರಲ್ಲ ಕಣಪ್ಪ” ಎಂದಳು.

ಚಪ್ಪಲಿ ಬಿಟ್ಟೆ. ಕನ್ನಡಕ ತೆಗೆದು ಹಲಗೆಯ ಮೇಲಿಟ್ಟೆ. ಒಳಗೆ ಹೋಗಿ ಕೆಟಲ್ ತುಂಬಿಸಿ ಹಾಕು ಎಂದು ಶ್ರೀಕರನಿಗೆ ಹೇಳಿದೆ. ಅವನು ಹೋಗಲಿಲ್ಲ. ಮತ್ತೆ ಹೇಳಿದೆ, ಕ್ಲಾಸಿನ ದನಿಯಲ್ಲಿ. ಹೋದ.

ಪಂಚೆ ಎತ್ತಿ ಕಟ್ಟಿ ಇಳಿದೆ. ಮೊಣಕಾಲು, ತೊಡೆ, ಸೊಂಟ. ಕೆಸರು ಕಾಲನ್ನು ಎಳೆಯಿತು. ಇಪ್ಪತ್ತೇಳು ವರ್ಷ ಹುಡುಗರಿಗೆ ಹೇಳಿದ್ದೇನೆ, ಮೀಟರು ಸೊನ್ನೆ ಎಂದರೆ ಸೊನ್ನೆ, ಅನುಮಾನ ಬೇಡ ಎಂದು. ಏಣಿಯ ಮುಂದೆ ನಿಂತಾಗ ನನಗೆ ಮೀಟರಿನ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಎರಡೂ ಕೈಯಿಂದ ಹಿಡಿದೆ. ತಣ್ಣಗಿನ ಕಬ್ಬಿಣ. ಒಳಗೆ ಕೆಟಲ್ ಗುಂಯ್ ಎನ್ನತೊಡಗಿತು. ಅಷ್ಟು ನಿಧಾನವಾಗಿ ನೀರು ಕಾಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕುಳ್ಳಯ್ಯನಿಗೆ ಈ ಸದ್ದು ಕೇಳಿತ್ತೇ? ಕಡೆಗೆ ಟಕ್ ಎಂದು ಆರಿತು. ನಾನು ಏಣಿ ಬಿಡಲಿಲ್ಲ, ಕೈ ಬರಲಿಲ್ಲ.

ಮಾದಮ್ಮ ಅಂಚಿಗೆ ಬಂದಳು. “ಈಗ್ಲಾದ್ರೂ ಯೋಳಿ ಸಾಮಿ. ತಪ್ ಯಾರ್ದು? ಆ ಪಾಂಡವ್‌ಪುರದೋನ್ದಾ?”

“ಅವನಿಗೆ ಕಲಿಸಿದವನದು. ನನ್ನದು.”

ಬೈಯುತ್ತಾಳೆ ಎಂದುಕೊಂಡೆ. ಮಣ್ಣು ತೂರಿದರೂ ಸರಿ ಎಂದುಕೊಂಡೆ. “ಯೋಳ್ಬುಟ್ರಿ” ಎಂದಳು. “ನಿಮ್ಗ್ ಅಗುರಾಯ್ತು. ನಾನೇನ್ ಮಾಡ್ಲಿ ಅದ್ನ ಇಟ್ಕಂಡು?”

ಅವಳು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ನನ್ನ ಪಕ್ಕದಲ್ಲೇ ಹಾದು ಸರಪಳಿಯ ಹತ್ತಿರ ಹೋದಳು. ಬಾಗಿ, ಕೈ ಆಡಿಸಿ, ಗಂಡನ ಬಲೆಯನ್ನು ಒಂದೊಂದೇ ಕಣ್ಣು ಬಿಡಿಸತೊಡಗಿದಳು. ಒಂದು ತುದಿ ನನ್ನ ಕಡೆ ಎಸೆದು, “ಇಡ್ಕಳಿ” ಎಂದಳು. ಹಿಡಿದುಕೊಂಡೆ. ತಿಂಗಳು ನೀರಿನಲ್ಲಿದ್ದ ಬಲೆ, ಒಳಗೆ ಮೀನಿನ ಮುಳ್ಳು, ತಡೆಯಲಾರದ ನಾತ. ಮುಕ್ಕಾಲು ಗಂಟೆ ಹಿಡಿಯಿತು. ಪೂರ್ತಿ ಬಿಡಿಸಿದ ಮೇಲೆ ನನ್ನ ಕೈಯಿಂದ ತುದಿ ತೆಗೆದುಕೊಂಡು, ಜಾಲಿಸಿ, ಮಡಿಚಿ, ತೆಪ್ಪದಲ್ಲಿಟ್ಟುಕೊಂಡು ಹೋದಳು. ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ. ಕೈಯ ವಾಸನೆ ಹೋಗಿಲ್ಲ.

ಮಾರ್ಚ್ 9, ಭಾನುವಾರ

ನಿನ್ನೆ ಶಂಕರ ಮನೆಗೆ ಬಂದಿದ್ದ. ನನ್ನ ಹಳೆಯ ಹಾಜರಿ ಪುಸ್ತಕಗಳನ್ನು ಹರಡಿಕೊಂಡು ಕೂತೆವು. ಇಪ್ಪತ್ತೇಳು ಬ್ಯಾಚು. ಯಾರು ಎಲ್ಲಿದ್ದಾರೆ ಎಂದು ಅವನು ಹೇಳಿದ, ನಾನು ಬರೆದುಕೊಂಡೆ. ಹಾಕಿರುವ ಕಡೆಯೆಲ್ಲ ಆ ತಂತಿ ಕಿತ್ತುಬಿಡಿ ಎಂದರೆ ಕೆಲವರು ಫೋನಿನಲ್ಲಿ ನಕ್ಕರು. “ಇಷ್ಟ್ ವರ್ಸ ಏನೂ ಆಗಿಲ್ಲ, ಬುಡಿ ಸಾ” ಎಂದರು. ಇಡೀ ಕ್ಲಾಸಿಗೆ ಹೇಳಿಕೊಡಲು ನನಗೆ ಐದು ನಿಮಿಷ ಸಾಕಾಗಿತ್ತು.

ನಾಳೆ ಪರ್ಮಿಟ್ಟು ಒಪ್ಪಿಸಬೇಕಂತೆ, ಪತ್ರ ಬಂದಿದೆ. ಅಂಚೆಯಲ್ಲಿ ಕಳಿಸುತ್ತೇನೆ, ನನಗೆ ಬೇರೆ ಕೆಲಸವಿದೆ. ತಂತಿ ಹಾಕಲು ಪರ್ಮಿಟ್ಟು ಬೇಕು. ಕೀಳುವವನನ್ನು ಯಾರೂ ಕೇಳುವುದಿಲ್ಲ.

ಬಿಂಡಿಗನವಿಲೆಗೆ ಮೊದಲ ಬಸ್ಸು ಆರೂವರೆಗೆ. ಇದ್ದಿಲು, ಉಪ್ಪು ಶಂಕರ ತರುತ್ತಾನೆ. ಸ್ಕ್ರೂಡ್ರೈವರೂ ತರುತ್ತೇನೆ ಎಂದ. ಬೇಡ ಎಂದೆ. ಅವತ್ತು ಆ ಪಂಪ್‌ಸೆಟ್ಟಿನ ಡಬ್ಬಿ ಬಿಚ್ಚಿದ ಸ್ಕ್ರೂಡ್ರೈವರು ನನ್ನ ಹತ್ತಿರವೇ ಇದೆ.